ಸೈಕಲ್ ಮುಗಿದರೂ ಮುಗಿಯದ್ದು

ಮಕ್ಕಳಾಗಿಲ್ಲ ಎಂದು ಬರುವ ಎಷ್ಟೋ ಜೋಡಿಗಳ ಫೈಲಿನಲ್ಲಿ ಇರುವುದೆಲ್ಲ ಹೆಂಡತಿಯ ರಿಪೋರ್ಟುಗಳೇ. ಸ್ಕ್ಯಾನ್, ಥೈರಾಯ್ಡ್, ಇನ್ನೂ ಏನೇನೋ. ಗಂಡನದು ಒಂದೂ ಇರುವುದಿಲ್ಲ. "ಇವನಿಗೇನಾಗಿದೆ ಡಾಕ್ಟ್ರೇ, ದಿನಾ ಜಿಮ್‌ಗೆ ಹೋಗ್ತಾನೆ" ಎನ್ನುತ್ತಾರೆ ಅತ್ತೆ. ಎಲ್ಲರ ಎದುರು ಕೇಳಿದರೆ ಅವನ ಉತ್ತರ "ಬರೀ ಪ್ರೋಟೀನ್". ಒಬ್ಬನನ್ನೇ ಕೂರಿಸಿ ಕೇಳಿದರೆ ಹೆಸರುಗಳು ಹೊರಬೀಳುತ್ತವೆ: ಟೆಸ್ಟೊ, ಡೆಕಾ, ಟ್ರೆನ್. ಎಲ್ಲವೂ ಮೈ ಕಟ್ಟಲು ಚುಚ್ಚಿಸಿಕೊಳ್ಳುವ ಸ್ಟಿರಾಯ್ಡ್‌ಗಳು, ಅಂದರೆ ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನ್ ಮತ್ತು ಅದರಂಥವು. "ಎರಡೇ ಸೈಕಲ್ ಸರ್, ಟ್ರೇನರ್ ಕೊಟ್ಟಿದ್ದು." ಸೈಕಲ್ ಎಂದರೆ ಕೆಲವು ವಾರ ಸತತವಾಗಿ ತೆಗೆದುಕೊಂಡು ನಿಲ್ಲಿಸುವ ಒಂದು ಸುತ್ತು.

ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಕಳಿಸಿದರೆ ಮಾತ್ರ ವೃಷಣ ಕೆಲಸ ಮಾಡುತ್ತದೆ. ಸೂಜಿಯಿಂದ ಟೆಸ್ಟೊಸ್ಟಿರಾನ್ ಬಂದಾಗ ಈ ಗ್ರಂಥಿ ಸುಮ್ಮನಾಗುತ್ತದೆ. ಟ್ಯಾಂಕ್ ತುಂಬಿದ ಮೇಲೆ ಯಾರು ಮೋಟರ್ ಹಾಕುತ್ತಾರೆ, ಅಲ್ವಾ? ರಕ್ತದಲ್ಲಿ ಹಾರ್ಮೋನ್ ಜಾಸ್ತಿ ಇದ್ದರೂ ವೃಷಣದೊಳಗೆ ಕುಸಿದಿರುತ್ತದೆ. ವೀರ್ಯಾಣು ತಯಾರಾಗಲು ಬೇಕಾದದ್ದು ಒಳಗಿನದು. ಹಾಗಾಗಿ ತೋಳು ದಪ್ಪಗಾಗುತ್ತಿರುವಾಗಲೇ ವೃಷಣ ಕುಗ್ಗುತ್ತದೆ.

ಇದೇ ಗುಣ ನೋಡಿ ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೊಸ್ಟಿರಾನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೊಟ್ಟದ್ದು ವಾರಕ್ಕೆ 200 ಮಿಲಿಗ್ರಾಂ. ಆರು ತಿಂಗಳಲ್ಲಿ ಸುಮಾರು ಮೂರನೇ ಎರಡರಷ್ಟು ಜನರ ವೀರ್ಯಾಣು ಸಂಖ್ಯೆ ಸೊನ್ನೆಗಿಳಿಯಿತು. ಜಿಮ್‌ನ 'ಬಿಗಿನರ್ ಸೈಕಲ್' ಎಂದರೆ ಸಾಮಾನ್ಯವಾಗಿ ವಾರಕ್ಕೆ 500.

ನಿಲ್ಲಿಸಿದರೆ ಹೆಚ್ಚಿನವರಿಗೆ ವೀರ್ಯಾಣು ವಾಪಸ್ ಬರುತ್ತದೆ. ಆದರೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ಮೀರುತ್ತದೆ. ಸೈಕಲ್ ಮುಗಿದ ಮೇಲೆ ಎಲ್ಲ ಸರಿಹೋಗಲೆಂದು 'ಪಿಸಿಟಿ' ಹೆಸರಲ್ಲಿ ಟ್ರೇನರ್ ಕೊಡುವ ಮಾತ್ರೆಗಳು ಗ್ಯಾರಂಟಿ ಏನಲ್ಲ. ಈ ಮಧ್ಯೆ ಸುಸ್ತು, ಬೇಸರ, ಆಸಕ್ತಿಯೇ ಇಲ್ಲದಿರುವುದು. ಅದನ್ನು ತಡೆಯಲಾಗದೆ ಮತ್ತೊಂದು ಸೈಕಲ್ ಶುರುಮಾಡುತ್ತಾರೆ. ಚಟ ಎಂದು ಯಾರೂ ಕರೆಯುವುದಿಲ್ಲ, ಆದರೆ ಅದು ಚಟವೇ.

ಹೃದಯದ ವಿಷಯ ಇನ್ನೂ ಗಂಭೀರ. 2017ರ ಅಮೆರಿಕದ ಅಧ್ಯಯನವೊಂದರಲ್ಲಿ ಹೃದಯದ ಪಂಪ್ ಶಕ್ತಿ, ಅಂದರೆ ಎಕೋ ರಿಪೋರ್ಟಿನ ಇಜೆಕ್ಷನ್ ಫ್ರಾಕ್ಷನ್, ಸ್ಟಿರಾಯ್ಡ್ ಬಳಸಿದವರಲ್ಲಿ ಸರಾಸರಿ 52 ಶೇಕಡಾ, ಬಳಸದೆ ಕಬ್ಬಿಣ ಎತ್ತುವವರಲ್ಲಿ 63. ಡೆನ್ಮಾರ್ಕ್‌ನಲ್ಲಿ ಮಾಮೂಲಿ ಜಿಮ್‌ಗಳಲ್ಲೂ ಡೋಪಿಂಗ್ ಪರೀಕ್ಷೆ ಇದೆ. ಅಲ್ಲಿ ಸಿಕ್ಕಿಬಿದ್ದ 1,189 ಗಂಡಸರನ್ನು ಸರಾಸರಿ 11 ವರ್ಷ ಗಮನಿಸಿದರು. ಅವರಲ್ಲಿ ಸಾವಿನ ಪ್ರಮಾಣ ಅದೇ ವಯಸ್ಸಿನ ಉಳಿದವರಿಗಿಂತ ಸುಮಾರು 2.8 ಪಟ್ಟು. ಅಷ್ಟೂ ಸ್ಟಿರಾಯ್ಡ್‌ನಿಂದಲೇ ಎನ್ನಲಾಗದು, ಅವರ ಬದುಕಿನ ಬೇರೆ ರೀತಿನೀತಿಗಳೂ ಸೇರಿರಬಹುದು. ಆದರೂ ನನಗೆ ಆ ಅಂಕಿ ಸಾಕು.

ಯಕೃತ್ತಿಗೆ ಸ್ಟಿರಾಯ್ಡ್ ಮಾತ್ರೆಗಳೇ ಹೆಚ್ಚು ಕೆಟ್ಟವು. "ಇಂಜೆಕ್ಷನ್ ಸೇಫ್" ಎಂಬ ಮಾತು ಹುಟ್ಟಿದ್ದು ಇದರಿಂದಲೇ. ಹೃದಯಕ್ಕೂ ವೃಷಣಕ್ಕೂ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಈಗಾಗಲೇ ತೆಗೆದುಕೊಂಡಿದ್ದರೆ ವೈದ್ಯರಿಗೆ ಮದ್ದಿನ ಹೆಸರು ಹೇಳಿ, ನೆನಪಿಲ್ಲದಿದ್ದರೆ ಬಾಟಲಿ ತನ್ನಿ. ಟೆಸ್ಟೊಸ್ಟಿರಾನ್ ಕಡಿಮೆ ಎಂಬ ರಿಪೋರ್ಟ್ ನೋಡಿ ಮತ್ತೆ ಅದನ್ನೇ ಚುಚ್ಚಿಸಿಕೊಳ್ಳಬೇಡಿ, ಮಗು ಬೇಕೆನ್ನುವವರಂತೂ ಬೇಡವೇ ಬೇಡ. ವೀರ್ಯ ಪರೀಕ್ಷೆಯಲ್ಲಿ ಸೊನ್ನೆ ಬಂದರೂ ಅದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು ಬೇಕು. ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಿ.