ಪುರುಸೊತ್ತಿಲ್ಲದವನು ಮಾಡಿಸಿದ ಕಾರ್ಡು

ಕ್ರಿಸ್ಮಸ್ ಕಾರ್ಡು ಹುಟ್ಟಿದ್ದು ಪ್ರೀತಿ ಉಕ್ಕಿ ಬಂದು ಅಲ್ಲ. ಪುರುಸೊತ್ತಿಲ್ಲದೆ.

ಲಂಡನ್ನಿನ ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿಗೆ ಕೈತುಂಬ ಕೆಲಸ. ಹಬ್ಬ ಬಂತೆಂದರೆ ನೆಂಟರಿಗೆ, ಗೆಳೆಯರಿಗೆ ಕೂತು ಕಾಗದ ಬರೆಯಬೇಕು. ಬಂದ ಕಾಗದಕ್ಕೆ ಉತ್ತರ ಹಾಕದಿದ್ದರೆ ಮರ್ಯಾದೆಯಲ್ಲ. 1843ರಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಜಾನ್ ಕಾಲ್‌ಕಾಟ್ ಹಾರ್ಸ್ಲಿ ಎಂಬ ಕಲಾವಿದ ಗೆಳೆಯನಿಂದ ಒಂದು ಚಿತ್ರ ಬರೆಸಿದ. ಅದನ್ನು ಅಚ್ಚು ಹಾಕಿಸಿ, ಬಣ್ಣವನ್ನು ಕೈಯಲ್ಲೇ ತುಂಬಿಸಿದ. ಮೇಲೆ ಹೆಸರು ಬರೆಯಲು ಒಂದು ಖಾಲಿ ಜಾಗ, ಕೆಳಗೆ ಸಹಿಗೆ ಇನ್ನೊಂದು. ನಡುವೆ ಹಬ್ಬದ ಹಾರೈಕೆ ಮೊದಲೇ ಅಚ್ಚಾಗಿದೆ. ಎರಡು ಹೆಸರು ಬರೆದರೆ ಕೆಲಸ ಮುಗಿಯಿತು. ಈಗ ನಾವು ಒಂದೇ ಮೆಸೇಜನ್ನು ಐವತ್ತು ಜನಕ್ಕೆ ಫಾರ್ವರ್ಡ್ ಮಾಡ್ತೀವಲ್ಲ, ಹೆಚ್ಚು ಕಡಿಮೆ ಅದೇ ಬುದ್ಧಿ.

ತಮಾಷೆ ಏನೆಂದರೆ, ಆ ಕಾಗದಗಳ ರಾಶಿಗೆ ಕೋಲ್ ಕೂಡ ಸ್ವಲ್ಪ ಕಾರಣ. 1840ಕ್ಕೂ ಮುಂಚೆ ಬ್ರಿಟನ್ನಿನಲ್ಲಿ ಅಂಚೆ ದುಬಾರಿ. ಕಾಗದ ಎಷ್ಟು ದೂರ ಹೋಗುತ್ತದೆ, ಒಳಗೆ ಎಷ್ಟು ಹಾಳೆ ಇದೆ ಎಂದು ಲೆಕ್ಕ ಹಾಕುತ್ತಿದ್ದರು. ದುಡ್ಡನ್ನು ಸಾಮಾನ್ಯವಾಗಿ ಕಾಗದ ಪಡೆದವನೇ ಕೊಡಬೇಕಿತ್ತು. ರೋಲೆಂಡ್ ಹಿಲ್ ಎಂಬ ಸುಧಾರಕ ಈ ಪದ್ಧತಿಯನ್ನು ತಿರುಗಿಸಿ ಹಾಕಿದ. 1840ರಿಂದ ದೇಶದ ಯಾವ ಮೂಲೆಗಾದರೂ ಅರ್ಧ ಔನ್ಸಿನ ಕಾಗದಕ್ಕೆ ಒಂದೇ ಪೆನ್ನಿ. ಅದನ್ನು ಕಳಿಸುವವನೇ ಮೊದಲು ಕಟ್ಟಬೇಕು. ಅಂಚೆಚೀಟಿ ಬಂದಿದ್ದೇ ಇದಕ್ಕಾಗಿ. ಈ ಸುಧಾರಣೆಗೆ ಹಿಲ್ ಜೊತೆ ಓಡಾಡಿದವರಲ್ಲಿ ಕೋಲ್ ಒಬ್ಬ. ಬಾಗಿಲು ತೆರೆದವನ ಮನೆಗೇ ಪ್ರವಾಹ ನುಗ್ಗಿತು.

ಆ ಮೊದಲ ಕಾರ್ಡಿಗೆ ಬೈಗುಳವೂ ಬಿತ್ತು. ಚಿತ್ರದಲ್ಲಿ ಮೂರು ತಲೆಮಾರಿನ ಮನೆಮಂದಿ ವೈನ್ ಲೋಟ ಹಿಡಿದು ಕೂತಿದ್ದಾರೆ. ಪುಟ್ಟ ಮಗುವಿಗೂ ಒಂದು ಗುಟುಕು ಕುಡಿಸುತ್ತಿದ್ದಾರೆ! ಪಾನನಿರೋಧದವರು ಸುಮ್ನೆ ಇರ್ತಾರಾ? ಅದೇ ಚಿತ್ರದ ಎಡಬಲದಲ್ಲಿ ಹಸಿದವರಿಗೆ ಊಟ, ಬಡವರಿಗೆ ಬಟ್ಟೆ ಕೊಡುವ ದೃಶ್ಯಗಳಿದ್ದವು. ಅವು ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಸುಮಾರು ಸಾವಿರ ಪ್ರತಿ ಅಚ್ಚಾಗಿತ್ತು. ತಾನು ಬಳಸಿ ಉಳಿದಿದ್ದನ್ನು ಕೋಲ್ ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಾಟಕ್ಕಿಟ್ಟ. ಒಂದು ಶಿಲ್ಲಿಂಗ್ ಅಂದರೆ ಹನ್ನೆರಡು ಪೆನ್ನಿ. ಹನ್ನೆರಡು ಕಾಗದದ ಅಂಚೆ ಖರ್ಚು ಒಂದು ಕಾರ್ಡಿಗೆ! ವ್ಯಾಪಾರ ಕುದುರಲಿಲ್ಲ. ಕೋಲ್ ಮುಂದೆ 1851ರಲ್ಲಿ ಲಂಡನ್ನಿನಲ್ಲಿ ನಡೆದ ಕೈಗಾರಿಕಾ ಮಹಾ ಪ್ರದರ್ಶನದ ಓಡಾಟಕ್ಕೆ ಬಿದ್ದ. ಇವತ್ತು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯುವ ಮ್ಯೂಸಿಯಮ್ಮಿಗೆ ಮೊದಲ ನಿರ್ದೇಶಕನೂ ಆದ. ಅವನು ತನ್ನ ಅಜ್ಜಿಗೆ ಕಳಿಸಿದ ಕಾರ್ಡು 2001ರ ಹರಾಜಿನಲ್ಲಿ 22,500 ಪೌಂಡಿಗೆ ಹೋಯಿತು.

ಕಾರ್ಡು ಜನರ ಕೈಗೆ ಬಂದಿದ್ದು ಬೆಲೆ ಇಳಿದ ಮೇಲೆ. 1870ರಲ್ಲಿ ಬ್ರಿಟನ್ ಪೋಸ್ಟ್‌ಕಾರ್ಡಿಗೂ, ಬಾಯಿ ಅಂಟಿಸದ ಲಕೋಟೆಯಲ್ಲಿ ಹೋಗುವ ಅಚ್ಚಿನ ಕಾಗದಕ್ಕೂ ಅರ್ಧ ಪೆನ್ನಿ ದರ ಮಾಡಿತು. ಅತ್ತ ಬಣ್ಣದ ಮುದ್ರಣವೂ ಅಗ್ಗವಾಗುತ್ತಿತ್ತು. ಹತ್ತೇ ವರ್ಷದಲ್ಲಿ, 1880ರ ಹೊತ್ತಿಗೆ, ಕ್ರಿಸ್ಮಸ್ ಟಪಾಲನ್ನು ಬೇಗ ಹಾಕಿ ಎಂದು ಅಂಚೆ ಇಲಾಖೆಯೇ ಜನರನ್ನು ಕೇಳಿಕೊಳ್ಳಬೇಕಾಯಿತು. ಅಮೆರಿಕದಲ್ಲಿ ಬಾಸ್ಟನ್ನಿನ ಲೂಯಿ ಪ್ರಾಂಗ್ ಎಂಬ ಮುದ್ರಕ, ಮೂಲತಃ ಪ್ರಷ್ಯಾದಿಂದ ವಲಸೆ ಬಂದವನು, 1875ರಿಂದ ಕಾರ್ಡು ಮಾರತೊಡಗಿದ. ಚಂದದ ಚಿತ್ರ ಬೇಕೆಂದು ಕಲಾವಿದರಿಗೆ ಸ್ಪರ್ಧೆ ಇಟ್ಟು ಸಾವಿರ ಡಾಲರ್ ಬಹುಮಾನ ಕೊಟ್ಟ.

ಆ ಕಾಲದ ಕಾರ್ಡುಗಳನ್ನು ಒಮ್ಮೆ ನೋಡಬೇಕು. ಸತ್ತು ಬಿದ್ದ ಹಕ್ಕಿ, ಇನ್ನೊಂದು ಕಪ್ಪೆಯನ್ನು ಇರಿದು ಓಡುವ ಕಪ್ಪೆ. ಕೆಳಗೆ ಹಬ್ಬದ ಶುಭಾಶಯ! ಏಸುವಿನ ಜನನದ ಚಿತ್ರ ಇವುಗಳ ನಡುವೆ ಅಪರೂಪ. ಕಾರ್ಡಿನ ಮೇಲೆ ಖಾಯಂ ಕೂತಿರುವ ಕೆಂಪು ಎದೆಯ ರಾಬಿನ್ ಹಕ್ಕಿಗೆ ಮಾತ್ರ ಒಂದು ಕಾರಣವಿದೆ. ಆಗ ಅಂಚೆಯವರ ಕೋಟು ಕೆಂಪು. ಜನ ಅವರನ್ನು ರಾಬಿನ್ ಎಂದೇ ಕರೆಯುತ್ತಿದ್ದರು. ಟಪಾಲು ತಂದವನೇ ಚಿತ್ರದೊಳಗೆ ಹೊಕ್ಕ.

ನಮ್ಮಲ್ಲಿ ಅಗ್ಗದ ದಾರಿ ಅಂದರೆ ಬುಕ್ ಪೋಸ್ಟ್ ಆಗಿತ್ತು. ಲಕೋಟೆಯ ನಾಲಿಗೆಯನ್ನು ಅಂಟಿಸದೆ ಒಳಗೆ ಮಡಚಿ, ಮೂಲೆಯಲ್ಲಿ ‘ಬುಕ್ ಪೋಸ್ಟ್’ ಎಂದು ಬರೆದು ಡಬ್ಬಕ್ಕೆ ಹಾಕಿದ ನೆನಪು ನನ್ನ ವಯಸ್ಸಿನವರಿಗೆಲ್ಲ ಇರುತ್ತದೆ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಕಾರ್ಡು, ಅದರ ಬೆನ್ನಿಗೇ ಹೊಸ ವರ್ಷದ್ದು, ಜನವರಿ ಮಧ್ಯಕ್ಕೆ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎನ್ನುವ ಸಂಕ್ರಾಂತಿ ಕಾರ್ಡು. ಮಂಗಳೂರಿನ ಮನೆಗಳಲ್ಲಿ ಗೋದಲಿಯ (ಏಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಪಕ್ಕ ದಾರ ಕಟ್ಟಿ, ಬಂದ ಕಾರ್ಡುಗಳನ್ನು ಬಟ್ಟೆಯಂತೆ ನೇತು ಹಾಕುತ್ತಿದ್ದರು. ಹೊರಗೆ ಮೈಯೆಲ್ಲ ಬೆವರು, ಕಾರ್ಡಿನ ತುಂಬ ಹಿಮ. ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ಕಾರ್ಡಿನಿಂದ ಒಳ್ಳೆಯ ಕೆಲಸಕ್ಕೆ ದುಡ್ಡು ಎತ್ತುವ ದಾರಿಯೂ ತೆರೆಯಿತು. 1949ರಲ್ಲಿ ಚೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿಯೊಬ್ಬಳು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ಗೆ ಕೃತಜ್ಞತೆ ಹೇಳಲು ಒಂದು ಚಿತ್ರ ಬರೆದಳು. ಯುನಿಸೆಫ್‌ನ ಮೊದಲ ಕಾರ್ಡು ಅದೇ. ಮುಂಬೈಯಲ್ಲಿ 1979ರಲ್ಲಿ ಶುರುವಾದ, ಮಕ್ಕಳಿಗಾಗಿ ದುಡಿಯುವ ಕ್ರೈ ಸಂಸ್ಥೆಯನ್ನು ಎಷ್ಟೋ ಜನ ತಿಳಿದಿದ್ದೇ ಅದರ ಕಾರ್ಡುಗಳಿಂದ.

ಇಷ್ಟೆಲ್ಲ ಸರಿ. ಆದರೆ ಅಚ್ಚಿನ ಮಾತು, ಕೆಳಗೊಂದು ಸಹಿ, ಇದರಲ್ಲಿ ಅಂಥದ್ದೇನಿದೆ? ಅಮೆರಿಕದ ಯೂಟಾದ ಸಮಾಜಶಾಸ್ತ್ರಜ್ಞ ಫಿಲಿಪ್ ಕುಂಜ್ 1970ರ ದಶಕದಲ್ಲಿ ಒಂದು ಚೇಷ್ಟೆ ಮಾಡಿದ. ಗುರುತೇ ಇಲ್ಲದ ಸುಮಾರು 600 ಮಂದಿಗೆ ಕ್ರಿಸ್ಮಸ್ ಕಾರ್ಡು ಕಳಿಸಿದ. ನೂರಕ್ಕೂ ಜಾಸ್ತಿ ಉತ್ತರ ಬಂತು. ಕೆಲವರು ಪುಟಗಟ್ಟಲೆ ಮನೆಯ ಸುದ್ದಿ ಬರೆದಿದ್ದರು. ಕೊಟ್ಟವರಿಗೆ ತಿರುಗಿ ಕೊಡಬೇಕು ಎನ್ನುವ ಹುರಿ ಮನುಷ್ಯನಲ್ಲಿ ಎಷ್ಟು ಬಿಗಿ ಎಂದು ತೋರಿಸಲು ಇದನ್ನು ಇವತ್ತಿಗೂ ಉದಾಹರಿಸುತ್ತಾರೆ. ಮದುವೆ ಮುಯ್ಯಿಯ ಪುಸ್ತಕ ಇಟ್ಟುಕೊಂಡ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಡಿನವರ ಮನೆಯಲ್ಲೂ ಅಂಥ ಒಂದು ಪಟ್ಟಿ ಇರುತ್ತದೆ. ಹೋದ ವರ್ಷ ಯಾರು ಕಳಿಸಿದರು, ಯಾರು ಮನೆ ಬದಲಿಸಿದರು, ಯಾವ ಹೆಸರಿನ ಮೇಲೆ ಗೆರೆ ಎಳೆಯಬೇಕಾಯಿತು.

ನನಗೆ ಅನ್ನಿಸುವುದು ಬೇರೆ. ಕೋಲ್‌ನ ಕಾಲದಲ್ಲಿ ಕಾರ್ಡು ಶ್ರಮ ಉಳಿಸುವ ಸಾಧನ. ಕೈಬರಹದ ಕಾಗದದ ಪಕ್ಕದಲ್ಲಿ ಅದು ಸೋಮಾರಿಯ ಕೆಲಸ. ಈಗ ಅದೇ ಕಾರ್ಡು ಶ್ರಮದ ಗುರುತು. ವಿಳಾಸ ಹುಡುಕಬೇಕು, ಪಿನ್‌ಕೋಡ್ ಕೇಳಬೇಕು, ಅಂಚೆ ಕಚೇರಿಗೆ ನಡೆಯಬೇಕು. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಲ್ಲಿ ಮೊದಲ ದರ್ಜೆಯ ಅಂಚೆಚೀಟಿ 1 ಪೌಂಡ್ 70 ಪೆನ್ಸ್‌ಗೆ ಏರಿತು. ಬೆಲೆ ಇಳಿದು ಬೆಳೆದ ಕಾರ್ಡು ಈಗ ಬೆಲೆ ಏರಿದ್ದಕ್ಕೇ ಗೌರವ ಪಡೆಯುತ್ತಿದೆ. ಕಳಿಸುವವರು ಕಡಿಮೆಯಾದಷ್ಟೂ ಬಂದದ್ದನ್ನು ಜೋಪಾನ ಮಾಡುತ್ತೇವೆ. ವಾಟ್ಸ್ಆ್ಯಪ್‌ನ ಮಿನುಗುವ ಗಂಟೆಯನ್ನು ಯಾರೂ ಶೋಕೇಸಿನಲ್ಲಿ ಇಡುವುದಿಲ್ಲ, ಅಲ್ವಾ?

ಡೆನ್ಮಾರ್ಕಿನ ಕಥೆ ಕೇಳಿ. ಕ್ರಿಸ್ಮಸ್ ಟಪಾಲಿನ ಮೇಲೆ ಅಂಟಿಸುವ ಕ್ಷಯರೋಗ ನಿಧಿಯ ಚೀಟಿ ಹುಟ್ಟಿದ್ದು ಅಲ್ಲೇ, 1904ರಲ್ಲಿ. ಐನಾರ್ ಹೋಲ್ಬೆಲ್ ಎಂಬ ಅಂಚೆ ನೌಕರನ ಯೋಚನೆ ಅದು. ನಮ್ಮ ಶಾಲೆಗಳಲ್ಲಿ ಮಕ್ಕಳ ಕೈಗೆ ಕೊಟ್ಟು ಮಾರಿಸುತ್ತಿದ್ದ ಟಿಬಿ ಸೀಲು ಅದೇ ವಂಶದ್ದು. ಅದೇ ದೇಶದಲ್ಲಿ 2000ದಲ್ಲಿ ಸುಮಾರು 140 ಕೋಟಿ ಇದ್ದ ಕಾಗದಗಳ ಸಂಖ್ಯೆ 2024ಕ್ಕೆ 11 ಕೋಟಿಗೆ ಕುಸಿಯಿತು. 2025ರ ಡಿಸೆಂಬರ್ 30ಕ್ಕೆ, ನಾಲ್ಕು ಶತಮಾನ ನಡೆದ ಸರ್ಕಾರಿ ಅಂಚೆ, ಕಾಗದ ಹಂಚುವುದನ್ನು ನಿಲ್ಲಿಸಿತು. ಆ ಕೆಲಸ ಖಾಸಗಿಯವರ ಪಾಲಾಯಿತು. ಬೀದಿಬೀದಿಯ ಕೆಂಪು ಡಬ್ಬಗಳನ್ನು ಕಿತ್ತು ಮಾರಾಟಕ್ಕಿಟ್ಟರು. ಜನ ಮುಗಿಬಿದ್ದು ಕೊಂಡರು.