ಶಿಕೊಕು ಯಾತ್ರೆಯ ತಂಗುಮನೆಗಳು: ಸೌದೆಯ ಬಾಡಿಗೆಯಿಂದ ಇಂದಿನವರೆಗೆ

ಜಪಾನಿನ ಶಿಕೊಕು ದ್ವೀಪವನ್ನು ಸುತ್ತಿ ಬರುವ 88 ದೇಗುಲಗಳ ಯಾತ್ರೆಯಲ್ಲಿ 37ನೆಯ ಇವಾಮೊತೊಜಿಯಿಂದ ಅಶಿಜುರಿ ಭೂಶಿರದ ತುದಿಯಲ್ಲಿರುವ 38ನೆಯ ಕೊಂಗೋಫುಕುಜಿಗೆ 80 ಕಿಲೋಮೀಟರಿಗೂ ಹೆಚ್ಚು ದೂರವಿದೆ. ನಡೆದು ಹೋಗುವವರು ನಡುವೆ ಎರಡು ರಾತ್ರಿಯಾದರೂ ಎಲ್ಲಾದರೊಂದು ಕಡೆ ಉಳಿಯಲೇಬೇಕು. ಒಂದೇ ಕುಟುಂಬ ನಡೆಸುವ, ಬೆರಳೆಣಿಕೆಯ ಕೋಣೆಗಳಿರುವ ತಂಗುಮನೆಗಳೇ ಇಂಥ ಕಡೆಗಳಲ್ಲಿ ಯಾತ್ರಿಕರಿಗೆ ಆಸರೆಯಾಗುತ್ತ ಬಂದಿವೆ. ಮಾಲೀಕರಿಗೆ ವಯಸ್ಸಾಗಿ, ಮಕ್ಕಳು ಪಟ್ಟಣ ಸೇರಿ, ಇವುಗಳಲ್ಲಿ ಹಲವು ಈಗ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಪ್ರವಾಸೋದ್ಯಮದ ಏರಿಳಿತವೆಂದು ಇದನ್ನು ಬದಿಗಿಡಲಾಗದು. ಈ ಮನೆಗಳು ಹೇಗೆ ಹುಟ್ಟಿದವು ಎಂಬುದನ್ನು ನೋಡಿದರೆ ಮಾತ್ರ ನಷ್ಟದ ಪ್ರಮಾಣ ತಿಳಿಯುತ್ತದೆ.

ಸುಮಾರು 1,200 ಕಿಲೋಮೀಟರಿನ ಈ ಹಾದಿ, ಶಿಂಗೊನ್ ಬೌದ್ಧ ಪಂಥವನ್ನು ಜಪಾನಿನಲ್ಲಿ ಸ್ಥಾಪಿಸಿದ ಕೂಕೈ (774–835) ಅವರ ಸ್ಮರಣೆಯದು. ಕೋಬೋ ದೈಶಿ ಎಂದೇ ಜನ ಅವರನ್ನು ಪೂಜಿಸುತ್ತಾರೆ. ಇಂದಿನ ಓಜು ಪಟ್ಟಣದ ಬಳಿ ಯಾರೂ ತಂಗಲು ಜಾಗ ಕೊಡದೆ ಅವರು ಒಂದು ರಾತ್ರಿಯನ್ನು ಸೇತುವೆಯ ಕೆಳಗೆ ಕಳೆದರು, ಆ ಒಂದು ರಾತ್ರಿ ಹತ್ತು ರಾತ್ರಿಗಳಷ್ಟು ದೀರ್ಘವೆನಿಸಿತು ಎಂಬ ಐತಿಹ್ಯವಿದೆ. ಇಂದಿಗೂ ಯಾತ್ರಿಕರು ಸೇತುವೆಗಳ ಮೇಲೆ ಕೋಲೂರಿ ನಡೆಯುವುದಿಲ್ಲ. ಕೆಳಗೆ ಮಲಗಿರಬಹುದಾದ ದೈಶಿಯವರ ನಿದ್ದೆ ಕೆಡಬಾರದೆಂಬುದು ನಂಬಿಕೆ. ದಾರಿಯಲ್ಲಿ ಬಂದವರಿಗೆ ಸೂರು ನಿರಾಕರಿಸುವುದನ್ನು ಈ ನಾಡು ಎಷ್ಟು ದೊಡ್ಡ ಲೋಪವೆಂದು ಎಣಿಸಿತೆಂಬುದಕ್ಕೆ ಈ ಕಥೆಗಿಂತ ಬೇರೆ ಸಾಕ್ಷಿ ಬೇಕಿಲ್ಲವೆಂದು ನನಗೆ ತೋರುತ್ತದೆ.

ಆರಂಭದಲ್ಲಿ ಈ ಹಾದಿ ಹಿಡಿದವರು ಹೆಚ್ಚಾಗಿ ತಪಸ್ವಿಗಳು ಮತ್ತು ಅಲೆಮಾರಿ ಸನ್ಯಾಸಿಗಳು. ಸಾಮಾನ್ಯ ಜನ ದೊಡ್ಡ ಸಂಖ್ಯೆಯಲ್ಲಿ ಹೊರಟದ್ದು ಎದೊ ಕಾಲದಲ್ಲಿ (1603–1868), ಅದರಲ್ಲೂ ಶಿನ್ನೆನ್ ಎಂಬ ಸನ್ಯಾಸಿ 1687ರಲ್ಲಿ ಯಾತ್ರೆಯ ಮಾರ್ಗದರ್ಶಿಯೊಂದನ್ನು ಅಚ್ಚು ಹಾಕಿಸಿದ ಮೇಲೆ. ಯಾವ ಊರಿನಲ್ಲಿ ಯಾರು ಯಾತ್ರಿಕರಿಗೆ ರಾತ್ರಿ ಜಾಗ ಕೊಡುತ್ತಾರೆಂಬುದನ್ನೂ ಆತ ಅದರಲ್ಲಿ ಬರೆದಿದ್ದ. ಹಾದಿಯಲ್ಲಿ ದಿಕ್ಕು ತೋರುವ ಕಲ್ಲುಗಳನ್ನು ನೆಡಿಸಿದ್ದಲ್ಲದೆ, ಅಶಿಜುರಿಗೆ ಹೋಗುವ ದಾರಿ ಕವಲೊಡೆಯುವ ಇಚಿನೊಸೆಯಲ್ಲಿ ಯಾತ್ರಿಕರು ತಂಗಲೆಂದು ಗುಡಿಸಲೊಂದನ್ನು ಕಟ್ಟಿಸಿದ. ಆರಂಭದಲ್ಲಿ ಹೇಳಿದ ಆ ದೀರ್ಘ ಹಾದಿಯ ಕಷ್ಟವನ್ನು ಮುನ್ನೂರು ವರ್ಷಗಳ ಹಿಂದೆಯೇ ಅರಿತು ಪರಿಹಾರ ಹುಡುಕಿದವನು ಆತ.

ಆ ಕಾಲದಲ್ಲಿ ತಂಗಲು ಎರಡು ಬಗೆಯ ಮನೆಗಳಿದ್ದವು. ಮೊದಲನೆಯದು ಜೆಂಕೊನ್‌ಯಾದೊ: ಗೃಹಸ್ಥರು ಪುಣ್ಯ ಸಂಪಾದನೆಗೆಂದು, ಹಲವೊಮ್ಮೆ ಸತ್ತವರ ಹೆಸರಿನಲ್ಲಿ, ಒಂದು ರಾತ್ರಿಗೆ ಉಚಿತವಾಗಿ ಬಿಟ್ಟುಕೊಡುವ ಜಾಗ. ಯಾತ್ರಿಕನಿಗೆ ಕೊಟ್ಟದ್ದು ದೈಶಿಯವರಿಗೇ ಸಲ್ಲುತ್ತದೆಂಬ ಭಾವನೆಯಿಂದ ಅಕ್ಕಿ, ಹಣ್ಣು, ಹುಲ್ಲಿನ ಚಪ್ಪಲಿ ಕೊಡುವ ಒಸೆತ್ತೈ ಪದ್ಧತಿಯದೇ ಮುಂದುವರಿಕೆ ಅದು. ಎರಡನೆಯದು ಕಿಚಿನ್‌ಯಾದೊ. ಅಲ್ಲಿ ಯಾತ್ರಿಕರು ತಮ್ಮ ಅಕ್ಕಿಯನ್ನು ತಾವೇ ತರಬೇಕಿತ್ತು. ಮನೆಯವರು ಪಡೆಯುತ್ತಿದ್ದುದು ಅದನ್ನು ಬೇಯಿಸಲು ಬೇಕಾದ ಸೌದೆಯ ಬೆಲೆಯನ್ನು. ಇಂದಿನ ಸಣ್ಣ ತಂಗುಮನೆಗಳು ಈ ಎರಡನೆಯದರಿಂದ ವ್ಯಾಪಾರವನ್ನೂ ಮೊದಲನೆಯದರಿಂದ ಸ್ವಭಾವವನ್ನೂ ಪಡೆದಿವೆ.

ಆತಿಥ್ಯ ಎಲ್ಲರಿಗೂ ಸಮನಾಗಿ ದಕ್ಕಿತೆಂದು ಭಾವಿಸುವುದು ತಪ್ಪು. ದ್ವೀಪದ ದಕ್ಷಿಣ ಭಾಗವನ್ನು ಆಳುತ್ತಿದ್ದ ತೊಸಾ ಸಂಸ್ಥಾನ ಯಾತ್ರಿಕರ ಮೇಲೆ ಸಂಶಯವಿಟ್ಟು, ನಿಗದಿಯಾದ ಗಡಿಕಟ್ಟೆಗಳ ಮೂಲಕವಷ್ಟೇ ಅವರನ್ನು ಬಿಟ್ಟುಕೊಳ್ಳುತ್ತಿತ್ತು. ಕುಷ್ಠರೋಗದಿಂದಾಗಿ ಊರು ಬಿಟ್ಟು ಬಂದವರನ್ನು ತಂಗುಮನೆಗಳು ಒಳಗೆ ಸೇರಿಸುತ್ತಿರಲಿಲ್ಲ. ಅವರು ಜನರ ಕಣ್ಣು ತಪ್ಪಿಸಿ ಕಾಡಿನ ಹಾದಿಗಳಲ್ಲಿ ನಡೆದರು, ಅನೇಕರು ಅಲ್ಲೇ ಸತ್ತರು. ಎದೊ ನಂತರದ ಮೇಜಿ ಕಾಲದಲ್ಲಿ (1868–1912) ಭಿಕ್ಷೆ ಬೇಡುವ ಯಾತ್ರಿಕರನ್ನು ಪೊಲೀಸರು ಹಿಡಿದು ಓಡಿಸಿದ್ದೂ ಉಂಟು. ಈ ಹಾದಿಯ ಔದಾರ್ಯವನ್ನು ಹೊಗಳುವಾಗ ಇವರನ್ನು ಮರೆಯುವುದು ನ್ಯಾಯವಲ್ಲ.

ದೊಡ್ಡ ತಿರುವು ಬಂದದ್ದು 1953ರಲ್ಲಿ. ಆ ವರ್ಷ ದ್ವೀಪದ ಮತ್ಸುಯಾಮ ನಗರದ ಇಯೊ ರೈಲ್ವೆ ಕಂಪನಿ ಯಾತ್ರೆಗೆಂದು ಬಸ್ಸು ಹೊರಡಿಸಿತು. ನಡಿಗೆಯಲ್ಲಿ 40ರಿಂದ 50 ದಿನ ಹಿಡಿಯುವ ಸುತ್ತನ್ನು ಬಸ್ಸು ಎರಡು ವಾರದೊಳಗೆ ಮುಗಿಸಬಲ್ಲದು. ಗುಂಪಾಗಿ ಬಂದವರಿಗೆ ದೊಡ್ಡ ಊಟದ ಕೋಣೆಯಿರುವ ಹೋಟೆಲುಗಳೂ ದೇಗುಲಗಳದೇ ಆದ ಶುಕುಬೊ ವಸತಿಗಳೂ ಅನುಕೂಲವಾದವು. ಬಸ್ಸು ನಿಲ್ಲದ ಹಳ್ಳಿಗಳ ತಂಗುಮನೆಗಳಿಗೆ ಉಳಿದವರು ನಡೆಯುವವರು ಮಾತ್ರ, ಅವರ ಸಂಖ್ಯೆಯೂ ದಶಕಗಳ ಕಾಲ ತೀರ ಕಡಿಮೆಯಿತ್ತು. 1990ರ ದಶಕದಿಂದ ನಡಿಗೆಯ ಯಾತ್ರೆಗೆ ಮತ್ತೆ ಜೀವ ಬಂದು, ನಂತರ ಹೊರದೇಶದವರೂ ಸೇರಿಕೊಂಡಾಗ, ಅಷ್ಟರಲ್ಲಿ ಮುಚ್ಚದೆ ಉಳಿದಿದ್ದ ಮನೆಗಳೇ ಅವರನ್ನು ಬರಮಾಡಿಕೊಂಡವು.

ಅಂಥ ಮನೆಯ ಕ್ರಮ ಇಂದಿಗೂ ಹೆಚ್ಚು ಬದಲಾಗಿಲ್ಲ. ಬಾಗಿಲಲ್ಲಿ ಮೊದಲು ತೊಳೆಯುವುದು ಯಾತ್ರಿಕನ ಕಾಲನ್ನಲ್ಲ, ಕೋಲಿನ ತುದಿಯನ್ನು. ಕೋಲೇ ದೈಶಿ ಎಂಬ ಭಾವನೆಯಿಂದ ಅದನ್ನು ಒರೆಸಿ ಗೌರವದ ಜಾಗದಲ್ಲಿ ನಿಲ್ಲಿಸುತ್ತಾರೆ. ನಂತರ ಬಿಸಿನೀರಿನ ಸ್ನಾನ. ಸಂಜೆ ಆರರ ಸುಮಾರಿಗೆ ಎಲ್ಲರೂ ಕೂಡಿ ಊಟ: ಮೀನು, ಮಿಸೊ ಸಾರು, ಉಪ್ಪಿನಕಾಯಿ, ಬೇಕಾದಷ್ಟು ಅನ್ನ. ತತಾಮಿ ಚಾಪೆಯ ಕೋಣೆಯಲ್ಲಿ ಹಾಸಿಗೆ. ಪಕ್ಕದ ಕೋಣೆಯವರ ಕೆಮ್ಮು ಕಾಗದದ ಜಾರುಬಾಗಿಲಿನಾಚೆ ಸ್ಪಷ್ಟವಾಗಿ ಕೇಳುತ್ತದೆ. ಬೆಳಗಿನ ಉಪಾಹಾರ ಆರು, ಆರೂವರೆಗೆ. ಹೊರಡುವಾಗ ಎಷ್ಟೋ ಕಡೆ ಅನ್ನದುಂಡೆಯ ಬುತ್ತಿ ಕೈಗಿಡುತ್ತಾರೆ, ಅದಕ್ಕೆ ಹಣ ಪಡೆಯುವುದಿಲ್ಲ.

ಇಷ್ಟನ್ನೂ ಎಪ್ಪತ್ತು ದಾಟಿದ ದಂಪತಿಯೋ ಒಂಟಿ ಅಜ್ಜಿಯೋ ನಡೆಸುವಲ್ಲಿ ಕಷ್ಟವಿರುವುದು ಅಡುಗೆಯಲ್ಲಿ. ಎಷ್ಟು ಜನ ಬರುತ್ತಾರೆಂದು ತಿಳಿದು ಮೀನು ತರಬೇಕು. ಕೋಣೆ ಕಾದಿರಿಸಿದವರು ಹೇಳದೆ ಕೇಳದೆ ಬಾರದಿದ್ದರೆ ಆ ದಿನದ ದುಡಿಮೆಯೇ ಹೋದಂತೆ. ಹಲವು ಮನೆಗಳು ಫೋನ್ ಮೂಲಕ, ಜಪಾನಿ ಭಾಷೆಯಲ್ಲಿ ಮಾತ್ರ ಕಾದಿರಿಸುವುದನ್ನು ಒಪ್ಪುವುದಕ್ಕೆ ಇದೂ ಒಂದು ಕಾರಣ. ಮುಂಗಡ ಹಣ ಕೇಳುವ ರೂಢಿಯಿಲ್ಲದ ಈ ಮನೆಗಳಲ್ಲಿ ಬರಲಾಗದಿದ್ದರೆ ಮುಂಚಿತವಾಗಿ ತಿಳಿಸುವುದು ಯಾತ್ರಿಕನ ಕನಿಷ್ಠ ಕರ್ತವ್ಯ. ಕೆಲವರು ಊಟ ನಿಲ್ಲಿಸಿ ಹಾಸಿಗೆಯನ್ನಷ್ಟೇ ಕೊಡತೊಡಗಿದ್ದಾರೆ, ಆದರೆ ಸಂಜೆ ತೆರೆದಿರುವ ಒಂದು ಅಂಗಡಿಯೂ ಇಲ್ಲದ ಹಳ್ಳಿಯಲ್ಲಿ ಅದು ಅರ್ಧ ಪರಿಹಾರವಷ್ಟೆ. ದೀರ್ಘ ಹಾದಿಯಲ್ಲಿ ಒಂದು ಮನೆ ಮುಚ್ಚಿದರೆ ಮುಂದಿನದಕ್ಕೆ ದಿನವೊಂದಕ್ಕೆ 40 ಕಿಲೋಮೀಟರ್ ನಡೆಯಬೇಕಾಗಬಹುದು; ವಯಸ್ಸಾದ ಯಾತ್ರಿಕರಿಗೆ ಅದು ಸಾಧ್ಯವಿಲ್ಲದ ಮಾತು. ಹೀಗಾಗಿ ಉಳಿದಿರುವ ಕೆಲವು ಮನೆಯವರು ಸಂಜೆ ತಮ್ಮ ಕಾರಿನಲ್ಲಿ ಹೋಗಿ, ಯಾತ್ರಿಕರು ನಡಿಗೆ ನಿಲ್ಲಿಸಿದಲ್ಲಿಂದ ಅವರನ್ನು ಮನೆಗೆ ಕರೆತಂದು, ಬೆಳಿಗ್ಗೆ ಅದೇ ಜಾಗಕ್ಕೆ ಬಿಟ್ಟು ಬರುತ್ತಾರೆ.