ಚಾಟ್ ಇದೆ, ಮೈಕ್ ಇದೆ, ಆದರೂ ಆಟಗಾರರು ಯಾಕೆ ಮಾತಾಡಲ್ಲ?

ಪ್ರಶ್ನೆ: ಗೆಳೆಯರು ಸೇರಿ ಒಂದು ಮಲ್ಟಿಪ್ಲೇಯರ್ ಗೇಮ್ ಮಾಡಿದ್ದೇವೆ. ಚಾಟ್ ಇದೆ, ವಾಯ್ಸ್ ಕೂಡ ಇದೆ. ಆದರೂ ಯಾರೂ ಮಾತಾಡುತ್ತಿಲ್ಲ. ಇನ್ನೇನು ಸೇರಿಸಬೇಕು?

ಉತ್ತರ: ಸದ್ಯಕ್ಕೆ ಏನೂ ಸೇರಿಸಬೇಡಿ. ಈ ಪ್ರಶ್ನೆ ಪದೇ ಪದೇ ಬರುತ್ತದೆ. ಪ್ರತಿ ಸಲವೂ ಅದರೊಳಗೆ ಒಂದೇ ನಂಬಿಕೆ: ಮೈಕ್ ಕೊಟ್ಟರೆ ಜನ ತಾವಾಗಿಯೇ ಮಾತಾಡುತ್ತಾರೆ. ಇಲ್ಲ, ಮಾತಾಡಲ್ಲ. ಎಷ್ಟು ಸಲ ಹೇಳಲಿ! ಮಾತಿಗೆ ಕಾರಣ ಬೇಕು, ಪುರುಸೊತ್ತು ಬೇಕು, ಎದುರಿಗಿರುವವರು ನಾಳೆಯೂ ಸಿಗಬೇಕು.

1999ರಲ್ಲಿ ಬಂದ ಎವರ್‌ಕ್ವೆಸ್ಟ್ ಎಂಬ ಆನ್‌ಲೈನ್ ಗೇಮ್‌ನಲ್ಲಿ ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕಿತ್ತು. ಮಾನಾ, ಅಂದರೆ ಮಂತ್ರ ಹಾಕುವ ಶಕ್ತಿ, ಖಾಲಿಯಾದರೆ ನೆಲದ ಮೇಲೆ ಕೂತು ತುಂಬುವವರೆಗೆ ಕಾಯಬೇಕು. ಸುಮ್ನೆ ಕೂತವರು ಇನ್ನೇನು ಮಾಡುತ್ತಾರೆ? ಹರಟುತ್ತಾರೆ. ದೂರದ ಊರಿಗೆ ಬೇಗ ಹೋಗಬೇಕೆಂದರೆ ಡ್ರೂಯಿಡ್‌ನನ್ನೋ ವಿಜರ್ಡ್‌ನನ್ನೋ (ಮಂತ್ರ ಬಲ್ಲ ಪಾತ್ರಗಳ ಆಟಗಾರರು) ಹುಡುಕಿ, ಕ್ಷಣದಲ್ಲಿ ಅಲ್ಲಿಗೆ ಕಳಿಸುವ ಟೆಲಿಪೋರ್ಟ್ ಕೇಳಬೇಕು. ಸತ್ತಾಗ ಬದುಕಿಸಬಲ್ಲ ಕ್ಲೆರಿಕ್ ಪಾತ್ರದವರು ಬಂದು ಎಬ್ಬಿಸಿದರೆ ಹೋದ ಎಕ್ಸ್‌ಪಿಯಲ್ಲಿ (ಅನುಭವದ ಅಂಕದಲ್ಲಿ) ಒಂದಿಷ್ಟು ವಾಪಸ್.

ಈಗ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನೋಡಿ. ಮೊದಲು ಡಂಜನ್‌ಗೆ, ಅಂದರೆ ಗುಂಪಾಗಿ ಹೊಕ್ಕು ಶತ್ರುಗಳನ್ನು ಸೋಲಿಸುವ ಜಾಗಕ್ಕೆ, ಹೋಗಲು ಚಾಟ್ ಚಾನೆಲ್‌ನಲ್ಲಿ 'ಹೀಲರ್ (ಗಾಯ ಗುಣಪಡಿಸುವವರು) ಬೇಕು' ಎಂದು ಕೂಗಿ ಕೂಗಿ ಐದು ಜನರನ್ನು ಕೂಡಿಸಬೇಕಿತ್ತು. 2009ರ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ಬಂತು. ಒಂದು ಬಟನ್ ಒತ್ತಿದರೆ ಬೇರೆ ಬೇರೆ ಸರ್ವರ್‌ನವರು, ಅಂದರೆ ಆಟದ ಬೇರೆ ಬೇರೆ ಲೋಕಗಳವರು, ಒಂದು ಗುಂಪಾಗಿ ನೇರ ಒಳಗೆ. ಗುಂಪು ಸಿಗದೆ ಒದ್ದಾಡುತ್ತಿದ್ದವರಿಗೆ ಅದು ದೊಡ್ಡ ಉಪಕಾರ, ನಿಜ. ಚಾಟ್ ಬಾಕ್ಸ್ ಇದ್ದಲ್ಲೇ ಇತ್ತು. ಆದರೆ ಮತ್ತೆಂದೂ ಸಿಗದ ಹೀಲರ್‌ನ ಹೆಸರು ನೆನಪಿಟ್ಟುಕೊಂಡು ಏನು ಮಾಡೋದು? ಹಲೋ ಕೂಡ ಇಲ್ಲದೆ ಡಂಜನ್‌ಗಳು ಮುಗಿಯತೊಡಗಿದವು.

ಇನ್ನೂ ಅನುಮಾನವೇ? 2012ರ ಜರ್ನಿ ಎಂಬ ಗೇಮ್‌ನಲ್ಲಿ ಚಾಟೇ ಇಲ್ಲ. ಜೊತೆಗಾರನ ಹೆಸರೂ ಆಟ ಮುಗಿದ ಮೇಲಷ್ಟೇ ಕಾಣುತ್ತದೆ. ಇರುವುದು ಒಂದು ಬಟನ್, ಅದರಿಂದ ಒಂದು ಸ್ವರ. ಆದರೆ ಇಬ್ಬರು ಮೈ ತಾಗಿಸಿ ನಿಂತರೆ ಇಬ್ಬರ ಸ್ಕಾರ್ಫ್‌ಗೂ ಹಾರುವ ಶಕ್ತಿ ತುಂಬುತ್ತದೆ. ಅಷ್ಟಕ್ಕೇ ಅಪರಿಚಿತರು ಹಿಮದ ಬೆಟ್ಟವನ್ನು ಒಬ್ಬರಿಗೊಬ್ಬರು ಅಂಟಿಕೊಂಡು ಹತ್ತಿದರು. ಮೈಕ್‌ನಿಂದ ಆಗದ್ದನ್ನು ಒಂದು ನಿಯಮ ಮಾಡಿತು, ಅಲ್ವಾ?

ನೀವು ಕೇಳಲಿಲ್ಲ, ಆದರೂ ನಾನೇ ಕೇಳುತ್ತೇನೆ: ನಿಮ್ಮ ಗೇಮ್‌ನಲ್ಲಿ ಲೂಟ್, ಅಂದರೆ ಸೋತ ಶತ್ರುವಿನಿಂದ ಸಿಗುವ ವಸ್ತು, ಯಾರಿಗೆ ಹೋಗುತ್ತದೆ? ಮೊದಲು ಹೊಡೆದವನಿಗೆ ಮಾತ್ರವಾದರೆ, ಹತ್ತಿರ ಬಂದವರೆಲ್ಲ ಕಳ್ಳರಂತೆಯೇ ಕಾಣುತ್ತಾರೆ. ಗಿಲ್ಡ್ ವಾರ್ಸ್ 2ರಲ್ಲಿ ಕಾದಾಟಕ್ಕೆ ಸರಿಯಾಗಿ ಕೈಜೋಡಿಸಿದವರಿಗೆಲ್ಲ ಅವರವರ ಲೂಟ್ ಸಿಗುತ್ತದೆ. ಬಿದ್ದವರನ್ನು ಎಬ್ಬಿಸಿದರೂ ಎಕ್ಸ್‌ಪಿ ಉಂಟು. ಹಾಗಾಗಿ ಅಲ್ಲಿ ಗುರುತಿಲ್ಲದವರು ಓಡಿ ಬಂದರೆ ಖುಷಿಯಾಗುತ್ತದೆ. ನಿಮ್ಮ ಲೂಟ್ ನಿಯಮವನ್ನು ಈ ವಾರವೇ ಪರಿಶೀಲಿಸಿ. ಬದಲಾಯಿಸಿದ ಮೇಲೆ ಏನಾಯಿತು ಎಂದು ಬರೆಯಿರಿ.